ಇಳಿಜಾರಿನ ಲೆಕ್ಕ

ಗದಗಿನಲ್ಲಿ ಗಟಾರ ಅಂದರೆ ಕಾಲ ಕೆಳಗಿನದು,
ದಾಟುವಾಗ ಸೀರೆ ಎತ್ತಿ ಹಿಡಿಯುವಂಥದ್ದು.
ಹ್ಯಾಲಿಫ್ಯಾಕ್ಸಿನಲ್ಲಿ ಅದು ತಲೆಯ ಮೇಲೆ,
ಎರಡು ಮಹಡಿಯ ಎತ್ತರದಲ್ಲಿ
ಕಲ್ಲಿನ ಮೊಳಕೈಗಳ ಮೇಲೆ ಮಲಗಿದ ಮರದ ದೋಣಿ.
ಒಳಗೆ ಪಾಚಿ, ಒಂದು ಟೆನ್ನಿಸ್ ಚೆಂಡು,
ಯಾರೂ ನೆಡದ ಒಂದು ಗಿಡ, ಆಗಲೇ ಗೇಣುದ್ದ.

ಮೊದಲು ಬಂದವನು ಏಣಿ ಹತ್ತಲೇ ಇಲ್ಲ.
ಬೀದಿಯಲ್ಲಿ ನಿಂತು ನನ್ನ ಚಹಾ ಕುಡಿದು
ಹಲ್ಲಿನ ಸಂದಿಯಿಂದ ಉಸಿರು ಎಳೆದುಕೊಂಡ.
ಆ ಸಪ್ಪಳಕ್ಕೇ ಇನ್ನೂರು ಪೌಂಡು ಇರಬೇಕು.
ಎರಡನೆಯವನು ಕ್ಲೈವ್ ಮಿಜ್ಲಿ.
ಹತ್ತಿ ಹೋಗಿ ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ, ಹಿಡಿಯವರೆಗೂ ಹೋಯಿತು.
ಬೆಣ್ಣೆಯಿಂದ ಕೂದಲು ತೆಗೆದಂತೆ ಹೊರಗೂ ಬಂತು.
'ಇದನ್ನು ಬಣ್ಣ ಹಿಡಿದುಕೊಂಡಿದೆ, ಅಷ್ಟೇ' ಅಂದ.

ಹೊಸ ದೋಣಿಗೆ ಆರುನೂರ ನಲವತ್ತಾರು.
ಅದನ್ನು ಕಟ್ಟಲು ನಿಲ್ಲಿಸುವ ಅಟ್ಟಣಿಗೆಗೆ ಒಂಬೈನೂರ ಹನ್ನೆರಡು.
ಮೂಗಿಗಿಂತ ಮೂಗುತಿ ಭಾರ ಅಂದೆ, ಕನ್ನಡದಲ್ಲಿ.
ಕ್ಲೈವ್ ತಲೆಯಾಡಿಸಿದ,
ಗಿರಾಕಿಗಳು ಬೈಯುವ ಎಲ್ಲ ಭಾಷೆಯೂ ಅವನಿಗೆ ಗೊತ್ತು.

ನಾನು ಡ್ರೈವಿಂಗ್ ಕಲಿಸುವವಳು.
ತಾಸಿನ ಪಾಠಕ್ಕೆ ಮೂವತ್ತೆಂಟು ಪೌಂಡು.
ಅಂದರೆ ನಲವತ್ತೊಂದು ಪಾಠ,
ನಲವತ್ತೊಂದು ಸಲ ಏರಿನ ನಡುವೆ ಕಾರು ನಿಲ್ಲಿಸಿ
ಬೆವರುವ ಹುಡುಗರಿಗೆ ಹೇಳಬೇಕು:
ಕ್ಲಚ್ಚು ನಿಧಾನ, ಹಿಂದೆ ಜಾರಿದರೆ ನಾನಿದ್ದೇನೆ.

ಇಡೀ ನಲವತ್ತೊಂದು ನನ್ನವಲ್ಲ.
ದೋಣಿ ಒಂದೇ, ಮನೆ ಎರಡು.
ನೀರು ಇಳಿಯುವ ಕೊಳವೆ ಇರುವುದು ಬೆರಿಲ್‌ಳ ಕಡೆ.
ಅವಳು ಬಾಗಿಲು ಅರ್ಧ ತೆರೆದು
'ನಿನ್ನ ಪಾಲು ನೀನು ಮಾಡಿಸಿಕೋ' ಅಂದಳು.
ನೀರಿಗೆ ಪಹಣಿ ಓದಲು ಬರುವುದಿಲ್ಲ ಬೆರಿಲ್,
ನನ್ನ ಮಳೆ ನಿನ್ನ ಗೋಡೆ ಹತ್ತಿರ ಬಂದೇ ಬರುತ್ತೆ.
ಬಾಗಿಲು ಮುಚ್ಚಿತು.
ಆ ರಾತ್ರಿ ಮಳೆ. ತಟ್ ತಟ್ ತಟ್,
ಅವಳ ಮಲಗುವ ಕೋಣೆಯ ಕಿಟಕಿಯ ಕಟ್ಟೆಗೆ.
ನಡುಗೋಡೆಯಾಚೆ ಅವಳು ಎದ್ದದ್ದು ಕೇಳಿಸಿತು.
ಮತ್ತೆ ಎದ್ದದ್ದು.

ಬೆಳಿಗ್ಗೆ ಶಾಲೆಯ ಅಡುಗೆಮನೆಗೆ ಹೊರಟವಳು
ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಬರೆದು ತಂದಳು:
ಏಳುನೂರ ಎಪ್ಪತ್ತೊಂಬತ್ತು. ಶುಕ್ರವಾರಕ್ಕೆ ಐದರಂತೆ
ನೂರ ಐವತ್ತಾರು ಶುಕ್ರವಾರ.
'ಕೊನೆಯದರಲ್ಲಿ ನಾಲ್ಕೇ ಇರುತ್ತೆ,' ಎಂದಳು,
ಆ ಒಂದು ಪೌಂಡಿಗೆ ನಾನು ತಕರಾರು ತೆಗೆಯುತ್ತೇನೆ ಎನ್ನುವ ಹಾಗೆ.

ಹೊಸದು ಪ್ಲಾಸ್ಟಿಕ್ಕು, ಕಪ್ಪು, ನೋಡಲು ಏನೂ ಅಲ್ಲ.
ಕ್ಲೈವ್ ಅದಕ್ಕೆ ದಾರ ಹಿಡಿದು ಓರೆ ಕೊಟ್ಟ,
ಹತ್ತಡಿಗೆ ಅರ್ಧ ಅಂಗುಲ.
ಅದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತೆ,
ಹೆಚ್ಚಾದರೆ ಬೀದಿಯವರಿಗೆ ಕಾಣುತ್ತೆ.
ನನ್ನ ಹುಡುಗರಿಗೆ ಇಷ್ಟು ಚೆನ್ನಾಗಿ
ನಾನೆಂದೂ ಇಳಿಜಾರು ವಿವರಿಸಿಲ್ಲ.

ಮೊದಲ ಜೋರು ಮಳೆಯ ಮರುದಿನ ಶುಕ್ರವಾರ.
ಹಳೆಯ ಲಕೋಟೆ, ಐದರ ನೋಟು, ಒಂದು ಸಾಲು:
'ನಿನ್ನೆ ರಾತ್ರಿ ಏನೂ ಕೇಳಿಸಲಿಲ್ಲ.'
ಸಾವಿರದ ಐನೂರ ಐವತ್ತೆಂಟು ಪೌಂಡು ಸುರಿದು
ನಾವಿಬ್ಬರೂ ಕೊಂಡದ್ದು ಆ ಏನೂ ಇಲ್ಲದ್ದನ್ನೇ.

ನವೆಂಬರಿನಲ್ಲಿ ಎಲೆ ಬಳಿಯಲು ಬರುವವನು ಅರವತ್ತು ಕೇಳಿದ.
ಏಣಿ ಎರವಲು ತಂದೆ, ಸಾರಿನ ಸೌಟು ಹಿಡಿದು ಹತ್ತಿದೆ.
ಕೆಳಗೆ ಬೆರಿಲ್, ಏಪ್ರನ್ ಬಿಚ್ಚದೆ
ಎರಡೂ ಕೈಯಿಂದ ಏಣಿ ಹಿಡಿದು ನಿಂತಿದ್ದಳು.
'ನನ್ನ ಕಡೆಯದೂ ಬಳಿ' ಅಂದಳು.
ಬಳಿದೆ.
ಒದ್ದೆ ಎಲೆಗಳು ಅವಳ ಭುಜದ ಮೇಲೆ ಬಿದ್ದವು,
ಒಂದೆರಡು ಬೇಕೆಂದೇ.

ಆ ಶುಕ್ರವಾರ ಲಕೋಟೆ ಹಗುರ.
ನೋಟಿರಲಿಲ್ಲ, ಚೀಟಿ ಇತ್ತು:
'ಏಣಿ ಹಿಡಿದ ಬಾಬ್ತು, ಐದು ಪೌಂಡು ಕಡಿತ.'
ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಆ ದಿನಕ್ಕೂ ಸಂದಾಯ ಅಂತಲೇ ಗುರುತು ಹಾಕಿದೆ.