ಗೆರಿಯ ದಪ್ಪ

ನನ್ನ ಪೆನ್ಸಿಲ್ಲಿನ ಮೊನಿ ಅರ್ಧ ಮಿಲಿಮೀಟರು.
ಒಂದಕ್ಕ ಐವತ್ತು ಸಾವಿರದ ನಕ್ಷೆದಾಗ
ಅದು ಎಳೆದ ಗೆರಿ ಅಂದ್ರ
ನೆಲದ ಮ್ಯಾಲೆ ಇಪ್ಪತ್ತೈದು ಮೀಟರ ಅಗಲ.
ಇದನ್ನ ಯಾರೂ ನನ್ನ ಕೇಳಿಲ್ಲ,
ನಾನೂ ಯಾರಿಗೂ ಹೇಳಿಲ್ಲ.

ಗದಗಿನ ಆಫೀಸಿಗೆ ಕಂಪ್ಯೂಟರು ಬಂದು ಭಾಳ ದಿನ ಆತು.
ಆದ್ರ ಮೊದಲಿನ ಕರಡು ಇನ್ನೂ ಕೈಲೇ,
ಅಳಿಸಾಕ ಬರತೈತಿ ಅಂತ.

ಗೆರಿ ಒಳಗ ಕಪ್ಪತಗುಡ್ಡ:
ತೋಳ, ಕತ್ತೆಕಿರುಬ, ಮಧುನಾಶಿನಿ ಬಳ್ಳಿ,
ಹೆಸರು ಹೇಳೋರು ತೀರಿಹೋದ ಎಷ್ಟೋ ಬೇರು.
ಗೆರಿ ಹೊರಗ ಅರ್ಜಿ ಹಾಕಿದವರ ಪಾಳಿ:
ಖಡಿ ಕ್ವಾರಿ, ಕಸದ ಯಾರ್ಡು, ಗಾಳಿಕಂಬ.
ಗೆರಿ ಮ್ಯಾಲೆ ಏನೈತಿ ಅನ್ನೂದು
ಯಾವ ಕಾಯ್ದೆದಾಗೂ ಬರೆದಿಲ್ಲ.

ಮುಂಡರಗಿಯ ಕಲ್ಯಾಣಮಂಟಪದಾಗ ಅಹವಾಲು ಸಭೆ.
ನಿನ್ನಿನ ಮದವಿಯ ಚೆಂಡುಹೂವು ಇನ್ನೂ ಕಂಬಕ್ಕ ಇದ್ದವು.
ಗಾಳಿಕಂಬದ ಕಂಪನಿ ಹುಡುಗ ಪರದೆ ಮ್ಯಾಲೆ
ಬಿಳಿ ರೆಕ್ಕಿ ತಿರುಗಿಸಿದ: ಹೊಗಿ ಇಲ್ಲ, ಬೂದಿ ಇಲ್ಲ.
ಸುಳ್ಳು ಹೇಳಲಿಲ್ಲ ಅವ.
ಕ್ವಾರಿಯ ಬಾಳನಗೌಡ್ರು ಎದ್ದು,
“ನಿನ್ನ ಕಂಬದ ಬುನಾದಿಗೆ ಖಡಿ ಯಾರ ಕೊಡಬೇಕೋ ತಮ್ಮಾ?”
ಎಲ್ಲಾರೂ ನಕ್ಕರು. ಇವರೂ ಸುಳ್ಳು ಹೇಳಲಿಲ್ಲ.
ಪುರಸಭೆಯವರು ದಿನಕ್ಕ ಎಷ್ಟು ಟನ್ ಕಸ ಅಂತ
ಮೂಗು ಹಿಡಕೊಂಡವರಂಗ ಗಡಬಡಿಸಿ ಓದಿದರು.

ಆಮ್ಯಾಲೆ ಮೈಕು ಹಿಡದಾಕಿ ಹುಚ್ಚೀರವ್ವ.
ಕಲ್ಲು ಸಿಡಿದು ಒಂದು ಕಣ್ಣು ಮಂಜಾದಾಕಿ,
ಗುಡ್ಡದ ಬುಡಕ್ಕ ಉದ್ದನ ಪಟ್ಟಿ,
ಹತ್ತು ಗುಂಟೆದಾಗ ಹುರಳಿ ಬಿತ್ತಾಕಿ.
“ಸಾಹೇಬ್ರ, ನನ್ನ ಹೊಲ ಗೆರಿ ಒಳಗೋ, ಹೊರಗೋ?
ಒಳಗ ಬಂದ್ರ ಕ್ವಾರಿ ಬಂದ್, ಕೂಲಿ ಬಂದ್ ಅಂತಾರ.
ಹೊರಗ ಉಳದ್ರ ಕ್ವಾರಿನ ಹೊಲಕ್ಕ ಬರತೈತಿ ಅಂತಾರ.
ಎರಡೂ ಬ್ಯಾಡ್ರಿ. ನಡುವ ಎಲ್ಯರ ಇಡ್ರಿ.”

ಸಾಹೇಬ್ರು ನನ್ನ ನೋಡಿದರು. ನಾನು ನಕ್ಷೆ ನೋಡಿದೆ.
ಆಕಿ ಸರ್ವೆ ನಂಬರು ಸೀಸದ ಕಪ್ಪಿನಾಗ ಮುಚ್ಚಿಹೋಗಿತ್ತು.
‘ಪರಿಶೀಲಿಸಲಾಗುವುದು’ ಅಂತ ಬರಕೊಂಡೆ.
ಇಪ್ಪತ್ತೆಂಟು ವರ್ಷದ ನೌಕರಿಯೊಳಗ
ನನ್ನ ಹೆಸರಿಗಿಂತ ಹೆಚ್ಚು ಬರೆದ ಶಬ್ದ.

ಸಂಜಿಮುಂದ ಜಾಗಾ ನೋಡಾಕ ಹೋದೆ.
ಹಳೇದೊಂದು ಗಾಳಿಕಂಬದ ನೆರಳು
ಹುರಳಿ ದಾಟಿ, ಗಡಿಕಲ್ಲು ದಾಟಿ
ಪರವಾನಗಿ ಇಲ್ಲದನ ಗುಡ್ಡ ಏರಾಕ ಹತ್ತಿತ್ತು.
ಒಂದೊಂದು ರೆಕ್ಕಿ ಬಂದು
ಒಂದೊಂದು ಪೊದಿ ಮುಟ್ಟಿ ಹೋಗತಿತ್ತು,
ತಲಿ ಎಣಿಸೋರ ಬೆರಳಿನಂಗ.
ಕ್ವಾರಿ ಧೂಳೂ ಅದ ದಾರಿ ಹಿಡದಿತ್ತು.

ಹುಚ್ಚೀರವ್ವ ಟೇಪಿನ ತುದಿ ಹಿಡದು ನಿಂತಳು.
“ಎಳೀರಿ.”
ಇಪ್ಪತ್ತೊಂದು ಮೀಟರ ಅಗಲ.
ಗೆರಿಗಿಂತ ನಾಕ ಮೀಟರ ಕಡಿಮಿ.
ಒಳಗೂ ಇಲ್ಲ ಹೊರಗೂ ಇಲ್ಲ ಬೇ,
ನೀ ನನ್ನ ಪೆನ್ಸಿಲ್ಲಿನ ಕೆಳಗದೀ, ಅಂದೆ.
“ಹಂಗಾರ ಚೊಲೋ ಆತು,” ಅಂದ್ಲು,
“ಅಕ್ಕೋ ಅಲ್ಲಿ ಮುಳ್ಳಹಂದಿ ಬಿಲ ಐತಿ,
ಅದನ್ನೂ ಬರಕೋರಿ.”

ಮನಿಗೆ ಬಂದೆ. ಬುನಾದಿ ಕಲ್ಲು ಅದ ಕ್ವಾರಿದು.
ದೀಪ ಹಚ್ಚಿದೆ; ಹಚ್ಚಿದ್ದು ನಾನೋ ಆ ಗಾಳಿಯೋ.
ಬಾಗಿಲ ಮುಂದಿನ ಬುಟ್ಟಿ ಒಯ್ಯಾಕ ದಿನಾ ಬಂಡಿ ಬರತೈತಿ,
ಎಲ್ಲಿಗೆ ಅಂತ ಒಮ್ಮೆನೂ ಕೇಳಿಲ್ಲ,
ಊರಿನ ನಕ್ಷೆ ಬರಿಯಾವ.

ಬ್ಲೇಡು ತಗೊಂಡು ಪೆನ್ಸಿಲ್ ಕೆತ್ತಿದೆ.
ಕಾಲು ಮಿಲಿಮೀಟರು. ಹನ್ನೆರಡೂವರಿ ಮೀಟರು.
ಈಗ ಹುರಳಿ ಹೊಲದ ಒಂದು ಅಂಚು ಗೆರಿಯಿಂದ ಜಾರತೈತಿ.
ಯಾವ ಕಡೆ ಜಾರಬೇಕು ಅನ್ನೂದು
ರಾತ್ರಿ ಹನ್ನೊಂದಕ್ಕ
ಒಬ್ಬ ಟ್ರೇಸರನ ಮಣಿಕಟ್ಟಿನಾಗ ಐತಿ.

ಒತ್ತಿದೆ. ಮೊನಿ ಮುರೀತು.
ಬಿಲ ಇದ್ದಲ್ಲಿ ಒಂದು ಕಪ್ಪು ಚುಕ್ಕಿ.
ರಬ್ಬರು ಕೈಯಾಗ ಇತ್ತು.
ಅಳಿಸಲಿಲ್ಲ.