ಕಮಾನಿನ ಮೊಳ

ಶಿರಾದ ಕಮಾನಿನ ಎಡಗಂಬದಲ್ಲಿ
ನನ್ನ ಎದೆಯೆತ್ತರಕ್ಕೆ ಎರಡು ಗೀರಿವೆ.
ಒಂದರಿಂದ ಇನ್ನೊಂದಕ್ಕೆ ಒಂದು ಮೊಳ.
ಯಾರ ಮೊಳ ಅಂತ ಯಾರಿಗೂ ಗೊತ್ತಿಲ್ಲ.
ಸುಬೇದಾರನ ಕೈ ಅಂತಾನೆ ಹಗ್ಗದಂಗಡಿ ಪುಟ್ಟೀರ.
ಕಲ್ಲು ಕಡಿದವನ ಕೈ ಅಂತೀನಿ ನಾನು.
ಸುಬೇದಾರ ಯಾವತ್ತು ಏನನ್ನ ಅಳೆದಾನು,
ಅವನಿಗೆ ಅಳೆದು ಕೊಡೋರಿದ್ದರು.

ಕಮಾನಿನ ಈ ಕಡೆ ಸಂತೆ:
ಕಡಲೆಕಾಯಿ, ಕುರಿಹಗ್ಗ, ಹುಣಸೆ, ಕರೀಕಂಬಳಿ,
ಬೆಲೆ ಕೇಳಿ ಹೋಗಿ ಮತ್ತೆ ತಿರುಗಿ ಬರೋ ಜನ.
ಆ ಕಡೆ ದರ್ಗಾ:
ಬೇವಿನ ಮರ, ನೀರಿನ ತೊಟ್ಟಿ, ಲೋಬಾನದ ಹೊಗೆ,
ಬೇಡಿಕೊಂಡು ಹೋಗಿ ಮತ್ತೆ ತಿರುಗಿ ಬರೋ ಅದೇ ಜನ.
ನಡುವೆ ಹದಿನೇಳು ಹೆಜ್ಜೆ ನೆರಳು.
ಆ ನೆರಳಲ್ಲಿ ನಾನು, ನನ್ನ ಬುಟ್ಟಿ, ಒಂದು ಒದ್ದೆ ಗೋಣಿ.
ಮೇಲೆ ಗಾರೆ ಉದುರಿದ ಕಡೆ ಪಾರಿವಾಳ.

ನನ್ನ ಕೈ ಗಿಡ್ಡ. ಹುಟ್ಟಾ ಗಿಡ್ಡ.
ಮೊದಲ ದಿನ ಬುಟ್ಟಿ ಹೊರಿಸುವಾಗಲೇ ಅವ್ವ ಅಂದಿದ್ದಳು:
'ನಿನ್ನ ಮೊಳಕ್ಕೆ ಊರು ಬೈಯುತ್ತೆ, ಮುದ್ದಕ್ಕಾ.'
ಬೈಯಿತು.
'ದೊಡ್ಡೋರ ದುಡ್ಡು ಇಸ್ಕಂತೀಯ, ಮಕ್ಕಳ ಮೊಳ ಕೊಡ್ತೀಯ'
ಅಂದರು ಒಬ್ಬ ಟೀಚರಮ್ಮ, ಜನ ಸೇರೋ ಹಾಗೆ.
ನಾನು ಮಾತಾಡಲಿಲ್ಲ.
ಕನಕಾಂಬರದ ಮಾಲೆ ಎತ್ತಿಕೊಂಡು ಹೋಗಿ
ಗೀರಿನಿಂದ ಗೀರಿಗೆ ಹಿಡಿದೆ.
ನಾಲ್ಕು ಬೆರಳು ಕಮ್ಮಿ ಬಂತು.
ಎಲ್ಲರೂ ನೋಡಿದರು. ನಾನೂ ನೋಡಿದೆ.
ಅಲ್ಲೇ ನಿಂತು ನಾಲ್ಕು ಬೆರಳು ಕಟ್ಟಿ ಕೊಟ್ಟೆ.
ಅವತ್ತಿನಿಂದ ನನ್ನ ಹೂವಿಗೆ ಕಲ್ಲಿನ ಮೊಳ.

ಕಲ್ಲಿನ ಜೊತೆ ವ್ಯಾಪಾರ ಕಷ್ಟ.
ಮೊಗ್ಗು ತುಟ್ಟಿಯಾಯ್ತು ಅಂತ ಕುಗ್ಗೋದಿಲ್ಲ ಅದು.
ಮದುವೆಯ ತಿಂಗಳು ಬಂದರೂ ಅಷ್ಟೇ.

ಕಲಾಯಿ ಬುಡೇನ್ ಸಾಬಿ ಒಬ್ಬ ಬಿಟ್ಟು.
ಗುರುವಾರ ಸಂಜೆ, ಬೆರಳೆಲ್ಲ ನವಸಾಗರದ ಘಾಟು,
'ಬಾಬಾಗೆ ಒಂದು ಮೊಳ ಮಲ್ಲಿಗೆ' ಅಂತ ನಿಲ್ಲೋನು.
ಕಂಬದ ಕಡೆ ಹೊರಟರೆ ಕೈ ಅಡ್ಡ ಹಿಡಿಯೋನು.
'ಕಲ್ಲು ಸಂತೆಗಿರಲಿ ಅಕ್ಕ. ನಿನ್ನ ಕೈಯದೇ ಕೊಡು.'
'ಕಮ್ಮಿ ಬರುತ್ತಪ್ಪಾ.'
'ಒಳಗಿರೋರು ಎಣಿಸಲ್ಲ ಬಿಡು.'
ದುಡ್ಡು ಮಾತ್ರ ಪೂರಾ ಕೊಡೋನು.
ಒಂಬತ್ತು ವರ್ಷ. ಹೆಂಡತಿ ಆಸ್ಪತ್ರೆಯಲ್ಲಿದ್ದ ವಾರವೂ ಬಂದ,
ಅವಳು ಹೋದ ವಾರವೂ ಬಂದ.
ಒಂದು ಸಲ ಕೇಳಿದೆ, ಏನು ಬೇಡ್ಕತೀಯ ಅಂತ.
ಉರುಸಿಗೆ ಮಳೆ ಬಾರದಿರಲಿ ಅಂತ, ಅಂದ.
ಸುಳ್ಳು. ಗೊತ್ತಾಯಿತು. ಸುಮ್ಮನಾದೆ.

ಮೊನ್ನೆ ಮಂಗಳವಾರ, ಸಂತೆಯ ನಡುವೆ,
ಅವನ ಮಗ ಬಂದು ನಿಂತ. ಕಣ್ಣು ಕೆಂಪು.
'ಜನಾಜದ ಮೇಲೆ ಹೊದಿಸೋಕೆ ಹೂವಿನ ಚಾದರ ಬೇಕು.
ಆರು ಮೊಳ ಉದ್ದ.'
ಯಾವ ಮೊಳ ಅಂತ ಬಾಯಿಗೆ ಬಂತು.
ಪಾಪ, ಆ ಹುಡುಗನಿಗೇನು ಗೊತ್ತು.

ಕಟ್ಟುತ್ತಾ ಕಟ್ಟುತ್ತಾ ಲೆಕ್ಕ ಹತ್ತಿತು:
ವಾರಕ್ಕೆ ನಾಲ್ಕು ಬೆರಳು. ಆರು ವಾರಕ್ಕೆ ಇಪ್ಪತ್ತನಾಲ್ಕು.
ಇಪ್ಪತ್ತನಾಲ್ಕು ಬೆರಳಿಗೆ ಮೊಳ ಅಂತ ಅವ್ವನ ಬಾಯಿಪಾಠ.
ಒಂಬತ್ತು ವರ್ಷಕ್ಕೆ ಎಷ್ಟಾಯ್ತು?
ಪುಟ್ಟೀರನ ಹತ್ತಿರ ಕೂಡಿಸಿದೆ. ಎಪ್ಪತ್ತೆಂಟು ಅಂದ.
ಎಪ್ಪತ್ತೆಂಟು ಮೊಳ ಮಲ್ಲಿಗೆ ಸಾಲ,
ಕೇಳದೇ ಹೋದವನಿಗೆ.
ಅಷ್ಟು ಹೂವು ಅವತ್ತು ಇಡೀ ಸಂತೆಯಲ್ಲಿ ಇರಲಿಲ್ಲ.

ಇದ್ದಷ್ಟನ್ನೂ ಕಟ್ಟಿದೆ. ದುಡ್ಡು ಆರಕ್ಕೇ ಇಸ್ಕೊಂಡೆ.
ಚಾದರ ಕಾಲ ಕಡೆ ಮುಗಿದು, ಮುಗಿಯದೇ, ಕೆಳಗೆ ಜೋಲಿತ್ತು.
ಹೊತ್ತವರು ಬಂದಾಗ ಸಂತೆ ತಾನಾಗಿ ಎರಡಾಯಿತು.
ತಕ್ಕಡಿ ಹಿಡಿದವನು ಹಿಡಿದಂತೆಯೇ ಎದ್ದು ನಿಂತ.
ಕುರಿ ಮಾತ್ರ ಅರಚುತ್ತಿತ್ತು.
ಕಮಾನಿನ ಒಳಗೆ ತಿರುಗುವಾಗ
ಜೋತ ಹೂವು ಎಡಗಂಬಕ್ಕೆ ಸವರಿ
ಗೀರು ದಾಟಿ, ಇನ್ನೊಂದು ಗೀರು ದಾಟಿ,
ಒಂದೆರಡು ಮೊಗ್ಗು ಅಲ್ಲೇ ಬಿಟ್ಟು ಹೋಯಿತು.

ಆಚೆ ಗುರುವಾರ ಟೀಚರಮ್ಮ ಬಂದರು.
ಎರಡು ಮೊಳ ಸೇವಂತಿಗೆ.
ಎದ್ದು ಕಂಬದ ಹತ್ತಿರ ಹೋದೆ.