ನೀರಿನ ತೊಟ್ಟಿ ಯಾವ ಕಡೆ

ಗ್ಯಾರೇಜಿನಲ್ಲಿ ಈಗ ಕಾರಿಗೆ ಜಾಗವಿಲ್ಲ.
ಹದಿನಾಲ್ಕು ಅಡಿ ಹಲಗೆಯ ಮೇಲೆ
ಹಾಲ್ವರ್ ಒಂದು ಬೆಟ್ಟ ಎಬ್ಬಿಸಿದ್ದಾನೆ:
ಹಳೆಯ ಪತ್ರಿಕೆ, ಪ್ಲಾಸ್ಟರು, ನನ್ನದೊಂದು ಪರದೆ.
ಬೆಟ್ಟದ ಮಣ್ಣು ನಾವು ಕುಡಿದುಳಿದ ಕಾಫಿಯ ಗಸಿ.
ಶೆಲ್ಟನ್ನಿಗೆ ಮಳೆ ಹಿಡಿದ ದಿನ
ಕಾಡಿಗೆ ಕಾಡೇ ಅಡುಗೆಮನೆಯ ವಾಸನೆ.

ಮರಗಳಿಗಿಂತ ಬೊಡ್ಡೆಗಳೇ ಹೆಚ್ಚು.
"ಕಡಿದ ಕಾಡಲ್ಲವೇ" ಎನ್ನುತ್ತಾನೆ,
ಕಡ್ಡಿಗಳನ್ನು ಮೊಂಡಾಗಿ ಕತ್ತರಿಸಿ
ಒಂದೊಂದಕ್ಕೂ ಗೋಂದು ಹಚ್ಚುತ್ತ.
ಮುನ್ನೂರ ಹನ್ನೆರಡು.
ಎಣಿಸಿದವಳು ನಾನು, ಟೀವಿ ಕೆಟ್ಟಿದ್ದ ವಾರ.

ಎಂಟನೇ ನಂಬರಿನ ಎಂಜಿನ್ನು ಅಂಗೈಗಿಂತ ಚಿಕ್ಕದು.
ಗಾಲಿಗೆ ಹಲ್ಲಿನ ಚಕ್ರ; ಓಡುವ ಜಾತಿಯಲ್ಲ,
ಮೂರು ದಿಮ್ಮಿ ಎಳೆದುಕೊಂಡು
ತುಂಬು ಬಸುರಿಯ ಹಾಗೆ ಬರುತ್ತದೆ.

ಜಗಳ ಹುಟ್ಟಿದ್ದು ನೀರಿನ ತೊಟ್ಟಿಯಿಂದ.
ಹಳಿಯ ಎಡಕ್ಕೆ ಅಂಟಿಸಿದ. ಬಲಕ್ಕಿತ್ತು ಅಂದೆ.
"ಫೋಟೋ ನೋಡು."
ಫೋಟೋದಲ್ಲಿ ಎಡಕ್ಕೇ ಇದೆ, ನಿಜ.
ಆದರೆ ಹಳಿ ದಾಟಬಾರದೆಂದು ಅಮ್ಮನ ಆಣೆ,
ಮನೆ ಬಲಕ್ಕಿತ್ತು,
ಅಪ್ಪನ ಬುತ್ತಿ ಹಿಡಿದು ಆ ತೊಟ್ಟಿಯ ಕೆಳಗೇ ಕಾದವಳು ನಾನು;
ಸೋರುವ ಹನಿ ನೇರ ಬೈತಲೆಗೆ ಬೀಳುತ್ತಿತ್ತು.

"ಆರು ವರ್ಷದವಳ ನೆನಪು" ಎಂದ
ಎಂಬತ್ತರ ಗಂಡ.
ಫೋಟೋವನ್ನೇ ಮಗುಚಿ ಅಚ್ಚು ಹಾಕಿರಬೇಕು ಅಂದೆ.
"ಹಾಗಾದರೆ ಎಂಜಿನ್ನಿನ ನಂಬರು ಓದು."
ಒಂದರ ಮೇಲೊಂದು ಎರಡು ಸೊನ್ನೆ.
ಕನ್ನಡಿಯಲ್ಲೂ ಎಂಟು ಎಂಟೇ.

ಮೂರು ದಿನ ಮಾತಿಲ್ಲ.

ನಿನ್ನೆ ರಾತ್ರಿ ಗೋಂದಿನ ಘಾಟಿಗೆ ಎಚ್ಚರವಾಯಿತು.
ಭೂತಗನ್ನಡಿಯಡಿ ಫೋಟೋ ಹಿಡಿದು ಕೂತಿದ್ದಾನೆ.
ಎಂಜಿನ್ನಿನ ಪಕ್ಕ ನನ್ನಪ್ಪ, ಬ್ರೇಕಿನ ಟೊಯ್ವೊ,
ಕೈ ಎತ್ತಿದ್ದಾನೆ. ಮೂರೇ ಬೆರಳು.
ಬಲಗೈ.

ಬೋಗಿಯ ಕೊಂಡಿಗಳ ನಡುವೆ ಅಪ್ಪ ಬಿಟ್ಟುಬಂದದ್ದು
ಎಡಗೈಯ ಎರಡನ್ನು.
ಬಲಗೈಯ ಐದೂ ನನ್ನ ಜಡೆಗೆ ಗೊತ್ತು.
ಅದು ಹಾಲ್ವರನಿಗೂ ಗೊತ್ತು,
ಮದುವೆಯ ದಿನ ಕುಲುಕಿದ ಕೈ.

ತಿರುಗಿ ನೋಡಲಿಲ್ಲ.
ಚಾಕುವಿನ ತುದಿಯಿಂದ ತೊಟ್ಟಿಯ ಕಾಲುಗಳನ್ನು ಮೀಟಿದ.
ಒಂದು ಲಟಕ್ಕೆಂದಿತು.
ಬಾಗಿಲಲ್ಲಿ ನಿಂತವಳು ನಾನೂ ಕೆಮ್ಮಲಿಲ್ಲ.

ಬೆಳಿಗ್ಗೆ ತೊಟ್ಟಿ ಬಲಕ್ಕಿದೆ,
ಒಂದು ಕಾಲು ಬೆಂಕಿಕಡ್ಡಿ.
ಎಡಕ್ಕೆ ಉಳಿದ ಗೋಂದಿನ ಕಲೆಯ ಮೇಲೆ
ಬೊಡ್ಡೆಯೊಂದನ್ನು ನೆಟ್ಟಿದ್ದಾನೆ.
ಮುನ್ನೂರ ಹದಿಮೂರು.

ಹಾಗಾದರೆ ಬೆಟ್ಟವೂ, ಹಳ್ಳವೂ,
ಸೇತುವೆಯ ಆಚೆಗಿನ ಇಡೀ ತಿರುವೂ ಉಲ್ಟಾ.
ಅದನ್ನು ನಾನು ಎತ್ತಲಿಲ್ಲ.
ಕಾಫಿ ಸೋಸಿ, ಗಸಿಯನ್ನು
ಅವನ ಡಬ್ಬಿಗೆ ಸುರಿದಿಟ್ಟೆ.